ನೀಲಕ್ಕ ಎಲೆಯ ಮುಂದೆ ಕುಳಿತದ್ದು

ಸುರಕ್ಷಾ ನೀಲಾವತಿಯವರನ್ನು ಮೊದಲ ಸಲ ಕಂಡದ್ದು ಬಂಟ್ವಾಳದ ಒಂದು ಮದುವೆ ಹಾಲಿನ ಹಿಂಬಾಗಿಲಲ್ಲಿ, ಏಪ್ರಿಲ್ ತಿಂಗಳ ಒಂದು ಭಾನುವಾರ, ಬೆಳಿಗ್ಗೆ ಒಂಬತ್ತೂಕಾಲಿಗೆ. ಸಮಯ ಅವಳಿಗೆ ಅಷ್ಟು ಸರಿಯಾಗಿ ನೆನಪಿರಲು ಕಾರಣವಿದೆ. ಬಡಿಸುವ ಕೆಲಸಕ್ಕೆ ಒಂಬತ್ತಕ್ಕೆ ಬಂದು ಸೇರಬೇಕೆಂದು ಹೇಳಿದ್ದರು. ಬೆಳ್ತಂಗಡಿಯಿಂದ ಅವಳು ಹಿಡಿದ ಬಸ್ಸು ದಾರಿಯುದ್ದಕ್ಕೂ ಮದುವೆಗೆ ಹೋಗುವವರನ್ನು ಹತ್ತಿಸಿಕೊಳ್ಳುತ್ತ ಕಾಲು ಗಂಟೆ ತಡಮಾಡಿತ್ತು. ಆಗ ಅವಳು ಬಿ.ಎಸ್ಸಿ. ಎರಡನೆಯ ವರ್ಷದಲ್ಲಿದ್ದಳು. ಅವರ ಮನೆಯಲ್ಲಿ ಹತ್ತನೆಯ ತರಗತಿ ದಾಟಿದವಳು ಅವಳೊಬ್ಬಳೇ. ಕಾಲೇಜಿನ ಖರ್ಚಿಗೆ ರಜಾದಿನಗಳಲ್ಲಿ ಏನಾದರೂ ಕೆಲಸ ಬೇಕಿತ್ತು.

ಹಿಂಬಾಗಿಲ ಮೆಟ್ಟಿಲ ಮೇಲೆ ಎತ್ತರದ ಒಬ್ಬ ಹೆಂಗಸು ನಿಂತಿದ್ದರು. ಮೆರೂನ್ ಬಣ್ಣದ ಸೀರೆಯ ಸೆರಗನ್ನು ಬಿಗಿಯಾಗಿ ಸೊಂಟಕ್ಕೆ ಸಿಕ್ಕಿಸಿದ್ದರು. ಕೂದಲನ್ನು ಗಂಟು ಕಟ್ಟಿದ್ದರು. ಕಿವಿಯಲ್ಲಿ ಸಣ್ಣ ಬೆಂಡೋಲೆ ಬಿಟ್ಟರೆ ಮೈಮೇಲೆ ಹೊಳೆಯುವ ಯಾವುದೂ ಇರಲಿಲ್ಲ. ಅವರು ಸುರಕ್ಷಾಳ ಮುಖ ನೋಡಲಿಲ್ಲ.

“ಕೈ ತೋರಿಸು,” ಎಂದರು.

ಸುರಕ್ಷಾ ಎರಡೂ ಕೈ ಮುಂದೆ ಚಾಚಿದಳು. ನೀಲಾವತಿ ಉಗುರು ನೋಡಿದರು, ಅಂಗೈ ತಿರುಗಿಸಿ ನೋಡಿದರು, ಕೊನೆಗೆ ಬಳೆಯ ಮೇಲೆ ಬೆರಳಿಟ್ಟರು.

“ಇದನ್ನು ತೆಗೆದಿಡು. ಗಾಜಿನ ಬಳೆ ಒಡೆದು ಎಲೆಗೆ ಬಿದ್ರೆ ನಾಳೆಯಿಂದ ನಮ್ಮನ್ನು ಯಾರೂ ಕರಿಯುವುದಿಲ್ಲ. ಬಡಿಸಿ ಗೊತ್ತುಂಟಾ?”

“ಮನೆಯಲ್ಲಿ ಬಡಿಸ್ತೇನೆ.”

“ಮನೆಯಲ್ಲಿ ಎಲ್ಲರೂ ಬಡಿಸ್ತಾರೆ. ಇಲ್ಲಿ ಉಪ್ಪಿನಿಂದ ಶುರು. ಉಪ್ಪು ಸರಿಯಾದ್ರೆ ಉಪ್ಪಿನಕಾಯಿ. ಸಾರಿನ ಬಕೆಟ್ ಮುಟ್ಟಲಿಕ್ಕೆ ಒಂದು ತಿಂಗಳಾದ್ರೂ ಬೇಕು. ಆಯ್ತಾ?”

ಆಯ್ತು ಎಂದು ಸುರಕ್ಷಾ ತಲೆಯಾಡಿಸಿದಳು. ಮೊದಲ ಪಂಕ್ತಿ ಕುಳಿತಾಗ ಉಪ್ಪಿನ ಬಟ್ಟಲು ಹಿಡಿದು ಹೊರಟವಳು ನಾಲ್ಕನೆಯ ಎಲೆಯ ಮುಂದೆಯೇ ತಪ್ಪು ಮಾಡಿದಳು. ಅಲ್ಲಿ ಕುಳಿತ ಹಿರಿಯರೊಬ್ಬರಿಗೆ ಬಾಗಿ, “ಉಪ್ಪು ಬೇಕಾ?” ಎಂದು ಕೇಳಿದಳು. ಅವರು ಸಂಕೋಚದಿಂದ ಬೇಡವೆಂದರು. ಬೆನ್ನ ಹಿಂದಿನಿಂದ ನೀಲಾವತಿಯ ದನಿ ಮೆಲ್ಲಗೆ ಬಂತು.

“ಕೇಳಬೇಡ. ಕೇಳಿದ್ರೆ ಬೇಡ ಅಂತಾರೆ, ಮತ್ತೆ ಅರೆಹೊಟ್ಟೆಯಲ್ಲಿ ಏಳ್ತಾರೆ. ಎಲೆ ನೋಡು. ಯಾರಿಗೆ ಎಂಥ ಬೇಕು ಅಂತ ಎಲೆ ಹೇಳ್ತದೆ.”

ಆ ದಿನ ಎಂಟುನೂರು ಮಂದಿ ಉಂಡರು. ಕೊನೆಯ ಪಂಕ್ತಿ ಎದ್ದು, ನೆಲ ಒರೆಸಿ ಆಗುವಾಗ ಮಧ್ಯಾಹ್ನ ಮೂರೂವರೆ. ಬಡಿಸಿದ ಹನ್ನೆರಡು ಹೆಂಗಸರು ಪಾತ್ರೆ ತೊಳೆಯುವ ಜಾಗದ ಪಕ್ಕದಲ್ಲಿ ಸ್ಟೀಲ್ ತಟ್ಟೆ ಹಿಡಿದು ನಿಂತೇ ಉಂಡರು. ಅನ್ನ ತಣ್ಣಗಾಗಿ ಗಟ್ಟಿ ಕಟ್ಟಿತ್ತು. ಸಾರಿನ ಮೇಲೆ ಎಣ್ಣೆಯ ಕೆನೆ ನಿಂತಿತ್ತು. ನೀಲಾವತಿ ತಟ್ಟೆಯನ್ನೂ ತೆಗೆದುಕೊಳ್ಳಲಿಲ್ಲ. ಒಂದು ದೊಡ್ಡ ಲೋಟಕ್ಕೆ ಒಂದು ಹಿಡಿ ಅನ್ನ ಹಾಕಿ, ಮೇಲೆ ಮಜ್ಜಿಗೆ ಸುರಿದು, ಕಂಬಕ್ಕೆ ಒರಗಿ ಕುಡಿದು ಮುಗಿಸಿದರು.

“ನೀಲಕ್ಕ ಕೂತ್ಕೊಳ್ಳುವುದಿಲ್ವಾ?” ಎಂದು ಸುರಕ್ಷಾ ಪಕ್ಕದಲ್ಲಿದ್ದ ಕುಸುಮಾಳನ್ನು ಕೇಳಿದಳು.

“ಅವರು ಎಲ್ಲಿಯೂ ಕೂರುವುದಿಲ್ಲ. ಮತ್ತೆ ಹೇಳ್ತೇನೆ,” ಎಂದಳು ಕುಸುಮಾ.

ಆ ‘ಮತ್ತೆ’ ಬರಲು ಮೂರು ತಿಂಗಳು ಬೇಕಾಯಿತು. ಒಂದು ಸಂಜೆ ಮೂಡುಬಿದಿರೆಯಿಂದ ಬರುವ ಬಸ್ಸಿನಲ್ಲಿ ಕುಸುಮಾ ಆ ಕಥೆ ಹೇಳಿದಳು. ನೀಲಾವತಿ ಬಡಿಸುವ ಕೆಲಸಕ್ಕೆ ಸೇರಿದ ಮೊದಲ ವರ್ಷ. ಬೆಳ್ತಂಗಡಿ ಕಡೆಯ ಒಂದು ದೊಡ್ಡ ಮನೆಯ ಮದುವೆ. ಕೊನೆಯ ಪಂಕ್ತಿಯಲ್ಲಿ ಒಂದಷ್ಟು ಎಲೆಗಳು ಖಾಲಿ ಉಳಿದವು. ಮನೆಯ ಅಜ್ಜಿಯೊಬ್ಬರು, “ನೀನೂ ಕೂತ್ಕೋ ಮಗಾ, ಬೆಳಿಗ್ಗೆಯಿಂದ ನಿಂತಿದ್ದಿ,” ಎಂದು ಕೈಹಿಡಿದು ಕೂರಿಸಿದರು. ನೀಲಾವತಿ ಅನ್ನಕ್ಕೆ ಸಾರು ಕಲಸಿ ಮೊದಲ ತುತ್ತು ಎತ್ತುವ ಹೊತ್ತಿಗೆ ಗಂಡಿನ ಕಡೆಯ ಇನ್ನೊಂದು ಬಸ್ಸು ಬಂತು. ಯಾರೋ ಒಬ್ಬರು ಪಂಕ್ತಿಯ ತುದಿಯಿಂದ ಕೂಗಿದರು: “ಬಡಿಸುವವರೆಲ್ಲ ಏಳಿ, ನೆಂಟರು ಕೂತ್ಕೊಳ್ಳಬೇಕು.” ಎಲ್ಲರೂ ತಿರುಗಿ ನೋಡಿದರು. ಆಕೆ ಎತ್ತಿದ ತುತ್ತನ್ನು ಎಲೆಗೆ ಇಳಿಸಿ, ಎಲೆ ಮಡಚಿ, ಎದ್ದು ಹೋಗಿ ಕೈತೊಳೆದು, ಅದೇ ಜಾಗಕ್ಕೆ ಹೊಸ ಎಲೆ ಹಾಕಿ ಬಂದವರಿಗೆ ಬಡಿಸಿದರು.

“ಅಲ್ಲಿಂದ ಮತ್ತೆ ಅವರು ಯಾವ ಎಲೆಯ ಮುಂದೆಯೂ ಕೂತದ್ದು ನಾವು ನೋಡಲಿಲ್ಲ. ಸ್ವಂತ ತಮ್ಮನ ಮದುವೆಯಲ್ಲಿ ಕೂಡ ಬಕೆಟ್ ಹಿಡಿದುಕೊಂಡೇ ಇದ್ರು. ಕೇಳಿದ್ರೆ, ನನಗೆ ನಿಂತು ಅಭ್ಯಾಸ ಅಂತಾರೆ,” ಎಂದಳು ಕುಸುಮಾ.

ನೀಲಾವತಿಯವರ ಮನೆ ಮೂಡುಬಿದಿರೆ ಪಕ್ಕದ ಪುತ್ತಿಗೆಯಲ್ಲಿ. ಏಳನೆಯ ತರಗತಿಯ ನಂತರ ತಾಯಿಯ ಜೊತೆ ಬೀಡಿ ಕಟ್ಟಲು ಕುಳಿತವರು. ಮದುವೆಯಾದ ಮೇಲೂ ಬೀಡಿಯೇ. ಗಂಡ ರಮಾನಾಥ ಪೇಟೆಯಲ್ಲಿ ಆಟೋ ಓಡಿಸುತ್ತಾರೆ. ದಿನವಿಡೀ ಬಾಗಿ ಕುಳಿತು ಸೊಂಟ ನೋಯುತ್ತದೆಂದು ಇಪ್ಪತ್ತೆರಡನೆಯ ವಯಸ್ಸಿನಲ್ಲಿ ಮಡಿಲ ಮೇಲಿನ ಬೀಡಿಯ ಮೊರ, ಆ ತಡ್ಪೆಯನ್ನು ಬದಿಗಿಟ್ಟು ಬಡಿಸುವ ಕೆಲಸಕ್ಕೆ ಹೊರಟರು. ಐದು ವರ್ಷಗಳಲ್ಲಿ ತಂಡದ ಮುಂದಾಳಾದರು. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಗಳ ಹಾಲುಗಳಲ್ಲಿ ಅಡುಗೆ ಗುತ್ತಿಗೆದಾರರು ಊಟದ ದಿನಾಂಕ ಗೊತ್ತಾದ ಕೂಡಲೇ ಮೊದಲು ಫೋನ್ ಮಾಡುವುದು ಅವರಿಗೆ. ಬಾಗಿಲಲ್ಲಿ ನಿಂತು ಜನ ಒಳಗೆ ಬರುವ ರೀತಿ ನೋಡಿಯೇ, “ನಾಲ್ಕು ಪಂಕ್ತಿ, ಐದನೆಯದು ಅರ್ಧ,” ಎಂದು ಹೇಳಬಲ್ಲರು. ಹೇಳಿದ್ದು ತಪ್ಪಿದ್ದು ಕಡಿಮೆ. ಅವರ ಕೈಕೆಳಗೆ ಕೆಲಸ ಕಲಿತು ಓದು ಮುಗಿಸಿದ ಹುಡುಗಿಯರಲ್ಲಿ ನರ್ಸುಗಳಿದ್ದಾರೆ, ಪಂಚಾಯತಿನಲ್ಲಿ ಕೆಲಸ ಮಾಡುವವರಿದ್ದಾರೆ. ಗಣಿತ ಟೀಚರ್ ಆದವಳು ಸುರಕ್ಷಾ.

ಓದು ಮುಗಿದು ಮೂಡುಬಿದಿರೆಯ ಒಂದು ಹೈಸ್ಕೂಲಿನಲ್ಲಿ ಅವಳಿಗೆ ಕೆಲಸ ಸಿಕ್ಕಿ ಆರು ತಿಂಗಳಾಗಿತ್ತು. ಪೇಟೆಯಿಂದ ಸ್ವಲ್ಪ ದೂರದಲ್ಲಿ ಎರಡು ಕೋಣೆಯ ಬಾಡಿಗೆ ಮನೆ ಹಿಡಿದಿದ್ದಳು. ಹೊಸ ಮನೆಗೆ ನಾಲ್ಕು ಜನರನ್ನು ಊಟಕ್ಕೆ ಕರೆಯಬೇಕು ಎಂದು ಮೊದಲ ತಿಂಗಳಿನಿಂದಲೇ ಅವಳ ಮನಸ್ಸಿನಲ್ಲಿತ್ತು. ಯಾರನ್ನು ಕರೆಯಬೇಕು ಎಂಬುದರಲ್ಲಿ ಸಂಶಯವಿರಲಿಲ್ಲ. ನೀಲಕ್ಕ, ಕುಸುಮಾ, ತಂಡದ ಹಿರಿಯಳಾದ ಗುಲಾಬಿ, ಮತ್ತೆ ಪಕ್ಕದ ಮನೆಯ ಸೈನಬಕ್ಕ. ಸೈನಬಕ್ಕನ ಗಂಡ ಅಬ್ದುಲ್ ಹಕೀಂ ಅವರಿಗೆ ಪೇಟೆಯಲ್ಲಿ ಕೊಡೆ, ಬ್ಯಾಗುಗಳ ಅಂಗಡಿಯಿದೆ. ಮನೆಗೆ ಬಂದ ಮೊದಲ ದಿನ ಸುರಕ್ಷಾಳಿಗೆ ಗ್ಯಾಸ್ ಸಿಲಿಂಡರ್ ಸಿಗುವವರೆಗೆ ಎರಡು ಹೊತ್ತು ಗಂಜಿ ಕೊಟ್ಟವರು ಈ ಸೈನಬಕ್ಕ.

ಏನು ಬಡಿಸಬೇಕು ಎಂಬುದನ್ನೂ ಅವಳು ತೀರ್ಮಾನಿಸಿಬಿಟ್ಟಿದ್ದಳು. ಮದುವೆ ಊಟ. ಬಾಳೆ ಎಲೆ, ಪಲ್ಯ, ಸೌತೆಕಾಯಿ ಸಾಂಬಾರು, ಪಾಯಸ, ಮತ್ತೆ ಮದುವೆ ಹಾಲಿನ ಅಡುಗೆಯವರಾದ ಶಂಭಣ್ಣನ ಸಾರು. ಆ ಸಾರಿಗೆ ಮೂರು ತಾಲೂಕುಗಳಲ್ಲಿ ಹೆಸರಿತ್ತು. ಅದನ್ನು ಸಾವಿರ ಸಲ ಬಡಿಸಿದವರು ಒಂದು ಸಲವೂ ಬಿಸಿಯಾಗಿ ಉಂಡಿರಲಿಲ್ಲ. ಅವರನ್ನು ಮೊದಲ ಪಂಕ್ತಿಯಲ್ಲಿ ಕೂರಿಸಬೇಕು. ಮುಖ್ಯವಾಗಿ ನೀಲಕ್ಕನನ್ನು ಕೂರಿಸಬೇಕು. ಅವರು ಬಂದು, ನಿಂತು, ಬಡಿಸಿ, ಲೋಟದಲ್ಲಿ ಮಜ್ಜಿಗೆ ಕುಡಿದು ಹೋದರೆ ಈ ಊಟ ಮಾಡಿಸಿಯೂ ಮಾಡಿಸದ ಹಾಗೆ ಎಂದು ಅವಳಿಗೆ ಅನಿಸಿತ್ತು.

ಫೋನಿನಲ್ಲಿ ಅದನ್ನು ಹೇಳುವ ಧೈರ್ಯ ಬರಲಿಲ್ಲ.

“ನೀಲಕ್ಕ, ಶನಿವಾರ ಸಂಜೆ ನಮ್ಮ ಮನೆಗೆ ಊಟಕ್ಕೆ ಬನ್ನಿ.”

“ಎಷ್ಟು ಜನಕ್ಕೆ?” ನೀಲಾವತಿ ಅಭ್ಯಾಸದಂತೆ ಕೇಳಿದರು.

“ನಾವು ಐದು ಜನ.”

“ಐದಾ! ಅಷ್ಟಕ್ಕೆ ಬಕೆಟ್ ಕೂಡ ಬೇಡ ಮಾರಾಯ್ತಿ. ಬರ್ತೇನೆ. ಏಳು ಗಂಟೆಗೆ ಎಲೆ ಹಾಕುವ, ಎಂಟೂವರೆಯ ಬಸ್ಸಿಗೆ ನನಗೆ ಹೋಗ್ಲಿಕ್ಕುಂಟು.”

ಶನಿವಾರ ಶಾಲೆ ಬಿಟ್ಟದ್ದು ಮಧ್ಯಾಹ್ನ. ಪಲ್ಯ, ಸಾಂಬಾರು, ಪಾಯಸವನ್ನು ಸುರಕ್ಷಾ ಅಮ್ಮನನ್ನು ಫೋನಿನಲ್ಲಿ ಕೇಳಿ ಕೇಳಿ ಮಾಡಿದಳು. ಸಾರಿಗೆ ಮಾತ್ರ ಹಿಂದಿನ ದಿನವೇ ಶಂಭಣ್ಣನಿಗೆ ಫೋನ್ ಮಾಡಿ ಎಲ್ಲವನ್ನೂ ಬರೆದುಕೊಂಡಿದ್ದಳು. ಶಂಭಣ್ಣನಿಗೆ ಐನೂರು ಮಂದಿಯ ಕೆಳಗಿನ ಅಳತೆ ಗೊತ್ತಿರಲಿಲ್ಲ. ಬೇಳೆ ಎಂಟು ಕಿಲೋ, ಹುಳಿ ಒಂದು ಕಿಲೋ, ಉಪ್ಪು ಒಂದು ಕಿಲೋ, ನೀರು ಎಪ್ಪತ್ತೈದು ಲೀಟರ್. “ಒಂದೂವರೆ ಗಂಟೆ ಕುದಿಬೇಕು. ಅವಸರ ಮಾಡಿದ್ರೆ ಅದು ಸಾರಲ್ಲ, ಬರೀ ಬಿಸಿನೀರು,” ಎಂದು ಮೂರು ಸಲ ಹೇಳಿದ್ದರು.

ಎಲ್ಲರೂ ಎರಡೆರಡು ಸಲ ಹಾಕಿಸಿಕೊಳ್ಳುತ್ತಾರೆಂದು ಸುರಕ್ಷಾ ಹತ್ತು ಮಂದಿಯ ಲೆಕ್ಕ ಹಿಡಿದಳು. ಪ್ರತಿಯೊಂದನ್ನೂ ಐವತ್ತರಿಂದ ಭಾಗಿಸಿದಳು. ಒಂಬತ್ತನೆಯ ತರಗತಿಯ ಮಕ್ಕಳಿಗೆ ಆ ವಾರವೇ ಅನುಪಾತದ ಪಾಠ ಮಾಡಿದ್ದಳು. ಲೆಕ್ಕ ಸಲೀಸಾಗಿ ಬಂತು. ನೀರು ಒಂದೂವರೆ ಲೀಟರ್ ಎಂದು ಬಂದಾಗ ಉತ್ತರ ಸರಿಯಾಗಿದೆ ಎಂಬ ಸಮಾಧಾನವೂ ಆಯಿತು. ಪಾತ್ರೆಯನ್ನು ಒಲೆಯ ಮೇಲಿಟ್ಟು, ಗಡಿಯಾರ ನೋಡಿ, ಒಂದೂವರೆ ಗಂಟೆ ಕುದಿಸಿದಳು. ಸಾರು ಅರ್ಧಕ್ಕೆ ಇಳಿದು ಗಟ್ಟಿಯಾದಾಗ, ಶಂಭಣ್ಣನ ಸಾರಿನ ಗುಟ್ಟು ಇದೇ ಇರಬೇಕು ಎಂದುಕೊಂಡಳು. ರುಚಿ ನೋಡಲಿಲ್ಲ. ಬಡಿಸುವ ಮೊದಲು ನಾಲಿಗೆಗೆ ತಾಗಿಸುವುದು ಅವಳ ಅಮ್ಮನ ಮನೆಯಲ್ಲಿಯೂ ಇರಲಿಲ್ಲ, ನೀಲಕ್ಕನ ತಂಡದಲ್ಲಂತೂ ದೊಡ್ಡ ತಪ್ಪು. ಸೌಟು ಹಿಡಿದವಳ ಬಾಯಿಗೆ ಏನೂ ಹೋಗಬಾರದು ಎಂಬುದು ಅಲ್ಲಿಯ ನಿಯಮ.

ಆರೂವರೆಗೆ ಮೂವರೂ ಒಟ್ಟಿಗೆ ಬಂದರು. ಕುಸುಮಾ ಮಲ್ಲಿಗೆ ತಂದಿದ್ದಳು. ಗುಲಾಬಿ ಮನೆಯ ಗೋಡೆ, ಕಿಟಕಿ, ಪುಸ್ತಕದ ಕಪಾಟು ಎಲ್ಲವನ್ನೂ ಒಂದು ಸುತ್ತು ನೋಡಿ, “ಟೀಚರಮ್ಮನ ಮನೆಯಲ್ಲಿ ಪುಸ್ತಕ ಜಾಸ್ತಿ, ಪಾತ್ರೆ ಕಡಿಮೆ,” ಎಂದಳು. ನೀಲಾವತಿ ಯಾವುದನ್ನೂ ನೋಡದೆ ನೇರ ಅಡುಗೆಕೋಣೆಗೆ ಹೋಗಿ, ಕೈತೊಳೆದು, ಸೆರಗು ಸಿಕ್ಕಿಸಿಕೊಂಡರು.

ಸೈನಬಕ್ಕನ ಹಿತ್ತಲಿನಿಂದ ತಂದ ಎಲೆಗಳನ್ನು ಸುರಕ್ಷಾ ಚಾಪೆಯ ಮುಂದೆ ಹಾಸಿದಳು. ಐದು ಎಲೆ. ಸೈನಬಕ್ಕ ಬಂದು, ತಲೆಯ ಮೇಲಿನ ಸೆರಗು ಸರಿಮಾಡಿಕೊಂಡು, ಒಂದು ಎಲೆಯ ಮುಂದೆ ಕುಳಿತರು. ಆಮೇಲೆ ತಲೆಯೆತ್ತಿ ನೋಡಿದರೆ ಉಳಿದ ನಾಲ್ವರೂ ನಿಂತಿದ್ದಾರೆ. ಕುಸುಮಾಳ ಕೈಯಲ್ಲಿ ಪಲ್ಯ, ಗುಲಾಬಿಯ ಕೈಯಲ್ಲಿ ನೀರಿನ ಜಗ್ಗು, ಸುರಕ್ಷಾಳ ಕೈಯಲ್ಲಿ ಅನ್ನ, ನೀಲಾವತಿಯ ಕೈಯಲ್ಲಿ ಸಾರಿನ ಪಾತ್ರೆ. ನಾಲ್ವರೂ ಒಬ್ಬರೇ ಒಬ್ಬರಿಗೆ ಬಡಿಸಲು ಬಾಗಿದ್ದರು.

“ಇದೆಂಥದು?” ಎಂದರು ಸೈನಬಕ್ಕ. “ನಾನು ಒಬ್ಬಳು ಉಣ್ಣುವುದಾ? ನೀವು ನಾಲ್ಕು ಜನ ನನ್ನನ್ನು ನೋಡುವುದಾ?”

“ನೀವು ಶುರು ಮಾಡಿ, ನಮ್ಮದು ಆಗ್ತದೆ,” ಎಂದಳು ಕುಸುಮಾ.

“ಯಾವಾಗ ಆಗ್ತದೆ? ನಮ್ಮಲ್ಲಿ ಊಟಕ್ಕೆ ಬಂದವರು ಬಡಿಸಲಿಕ್ಕೆ ನಿಂತರೆ ಮನೆಯವರಿಗೆ ಬೈದ ಹಾಗೆ. ನೀವು ಕೂರದಿದ್ರೆ ನಾನು ಎದ್ದೆ.” ಅವರು ಎದ್ದೇಬಿಟ್ಟರು. ಈಗ ಐದು ಎಲೆ, ಐದು ಜನ, ಕುಳಿತವರು ಯಾರೂ ಇಲ್ಲ. ಗುಲಾಬಿಗೆ ನಗು ತಡೆಯಲಾಗಲಿಲ್ಲ.

“ಗುಲಾಬಿ, ಕುಸುಮಾ, ಕೂತ್ಕೊಳ್ಳಿ,” ಎಂದರು ನೀಲಾವತಿ. ಅದು ಮದುವೆ ಹಾಲಿನಲ್ಲಿ ಕೇಳುವ ದನಿ. ಇಬ್ಬರೂ ಮರುಮಾತಿಲ್ಲದೆ ಕುಳಿತರು, ಸೈನಬಕ್ಕನೂ ಕುಳಿತರು.

“ನೀಲಕ್ಕ, ನೀವೂ...” ಎಂದಳು ಸುರಕ್ಷಾ.

“ಕೂತ್ಕೊಳ್ತೇನೆ ಮಗಾ, ಇವರದೆಲ್ಲ ಒಂದು ಹದಕ್ಕೆ ಬರಲಿ. ನನಗೆ ನಿಂತು ಅಭ್ಯಾಸ.”

ಅದೇ ಮಾತು. ಸುರಕ್ಷಾಳಿಗೆ ಅನ್ನದ ಪಾತ್ರೆ ಭಾರವೆನಿಸಿತು. ಎಂಟೂವರೆಯ ಬಸ್ಸು, ಲೋಟದ ಮಜ್ಜಿಗೆ, ಎಲ್ಲವೂ ಅವಳ ಕಣ್ಣಮುಂದೆ ಬಂತು. ಆದರೆ ತಾನು ಅವರ ಕೈಕೆಳಗೆ ಕೆಲಸ ಕಲಿತವಳು; ಅವರ ಕೈಯಿಂದ ಪಾತ್ರೆ ಕಸಿದುಕೊಳ್ಳುವ ಹಾಗಿರಲಿಲ್ಲ. ಅವಳು ಸುಮ್ಮನೆ ಅನ್ನ ಬಡಿಸಿದಳು. ಹಿಂದೆಯೇ ನೀಲಾವತಿ ಸಾರು ಬಡಿಸಿದರು.

ಮೂವರೂ ಕಲಸಿದರು. ಮೊದಲ ತುತ್ತು ಒಳಗೆ ಹೋಯಿತು.

“ಲಾಯ್ಕ್ ಆಗಿದೆ,” ಎಂದಳು ಗುಲಾಬಿ, ತುಸು ತಡವಾಗಿ.

“ಹೌದೌದು, ಲಾಯ್ಕ್,” ಎಂದಳು ಕುಸುಮಾ.

ಸೈನಬಕ್ಕ ನೀರು ಕುಡಿದು, “ಪಲ್ಯ ಭಾರೀ ಒಳ್ಳೆದುಂಟು,” ಎಂದರು.

ನೀಲಾವತಿ ಯಾರ ಮುಖವನ್ನೂ ನೋಡುತ್ತಿರಲಿಲ್ಲ, ಎಲೆಗಳನ್ನು ನೋಡುತ್ತಿದ್ದರು. ಕುಸುಮಾ ಅನ್ನವನ್ನು ಒಡ್ಡು ಕಟ್ಟಿ ಸಾರನ್ನು ಆಚೆ ನಿಲ್ಲಿಸಿದ್ದಳು. ಸಾರನ್ನು ಯಾವಾಗಲೂ ಅಂಗೈಗೆ ಹಾಕಿಸಿಕೊಂಡು ಕುಡಿಯುವ ಗುಲಾಬಿ ಇವತ್ತು ಕೈ ಒಡ್ಡಿರಲಿಲ್ಲ. ಸೈನಬಕ್ಕನ ಲೋಟ ಆಗಲೇ ಖಾಲಿಯಾಗಿತ್ತು.

“ಸಾರು ಸರಿ ಆಗ್ಲಿಲ್ಲ,” ಎಂದರು ನೀಲಾವತಿ.

“ಹಾಗೇನಿಲ್ಲ ನೀಲಕ್ಕ!” ಎಂದು ಮೂವರೂ ಒಟ್ಟಿಗೆ ಹೇಳಿದರು.

ಸುರಕ್ಷಾಳ ಮುಖ ಸಣ್ಣದಾಯಿತು. “ಏನಾಗಿದೆ? ಉಪ್ಪು ಕಡಿಮೆಯಾ? ಹೇಳಿ.”

“ಏನೂ ಆಗ್ಲಿಲ್ಲ ಮಾರಾಯ್ತಿ, ಚೂರು ದಪ್ಪ ಅಷ್ಟೆ,” ಎಂದು ಗುಲಾಬಿ ಕಿಟಕಿಯ ಕಡೆ ನೋಡಿದಳು. ಇನ್ನಿಬ್ಬರು ಎಲೆಯ ಕಡೆ ನೋಡಿದರು. ಕರೆದು ಊಟ ಹಾಕಿದ ಹುಡುಗಿಗೆ ಇವರು ಯಾರೂ ನಿಜ ಹೇಳುವವರಲ್ಲ ಎಂದು ಸುರಕ್ಷಾಳಿಗೆ ಗೊತ್ತಾಯಿತು. ನಿಜ ಹೇಳುವವರು ಈ ಮನೆಯೊಳಗೆ ಒಬ್ಬರೇ ಇದ್ದರು.

“ನೀಲಕ್ಕ, ನೀವು ನೋಡಿ ಹೇಳಿ.”

“ಪಾತ್ರೆ ಹಿಡಿದುಕೊಂಡು ರುಚಿ ನೋಡ್ಲಿಕ್ಕುಂಟಾ? ನಾನು ನಿನಗೆ ಹಾಗೆ ಕಲಿಸಿದ್ದಾ?”

“ಇಲ್ಲ,” ಎಂದಳು ಸುರಕ್ಷಾ. “ಹಾಗಾದ್ರೆ ಪಾತ್ರೆ ಕೆಳಗಿಡಿ.”

ಅವಳು ಅವರಿಗೆ ಎದುರು ಮಾತಾಡಿದ್ದು ಅದೇ ಮೊದಲು. ನೀಲಾವತಿ ಅವಳನ್ನು ನೋಡಿದರು. ಹೊಸ ಮನೆಯಲ್ಲಿ ಮೊದಲ ಸಲ ಅಡುಗೆ ಮಾಡಿ ನಾಲ್ಕು ಜನರನ್ನು ಕರೆದ ಹುಡುಗಿ, ಎಲ್ಲಿ ತಪ್ಪಿದೆ ಎಂದು ತಿಳಿಯದೆ ಬೆವರುತ್ತಿದ್ದಳು. ಅವರು ಸಾರಿನ ಪಾತ್ರೆಯನ್ನು ನೆಲಕ್ಕೆ ಇಟ್ಟರು. ಸೌಟನ್ನು ಅದರೊಳಗೆ ಇಟ್ಟರು. ಸೊಂಟದ ಸೆರಗು ಬಿಡಿಸಿ, ಸೈನಬಕ್ಕನ ಪಕ್ಕದ ಎಲೆಯ ಮುಂದೆ ಕಾಲು ಮಡಚಿ ಕುಳಿತರು.

ತುತ್ತು ಹಿಡಿದ ಕುಸುಮಾಳ ಕೈ ಅಲ್ಲೇ ತಡೆಯಿತು. ಸುರಕ್ಷಾ ಎಲೆಯ ಎಡಬದಿಗೆ ಉಪ್ಪು, ಆಮೇಲೆ ಪಲ್ಯ, ನಡುವೆ ಅನ್ನ, ಅದರ ಮೇಲೆ ಅರ್ಧ ಸೌಟು ಸಾರು ಹಾಕಿದಳು.

ನೀಲಾವತಿ ಕಲಸಿ ಬಾಯಿಗಿಟ್ಟರು. ಕಣ್ಣು ಮುಚ್ಚಿದರು.

“ಇದು ಸಾರಾ, ಉಪ್ಪಿನಕಾಯಿಯಾ?”

ಗುಲಾಬಿಯ ನಗು ಹೊರಗೆ ಹಾರಿತು; ಕುಸುಮಾಳಿಗೆ ತುತ್ತು ನೆತ್ತಿಗೇರಿತು. ಸೈನಬಕ್ಕ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕರು.

“ಶಂಭಣ್ಣ ಹೇಳಿದ ಹಾಗೇ ಮಾಡಿದ್ದೇನೆ ನೀಲಕ್ಕ! ಒಂದೊಂದನ್ನೂ ಐವತ್ತರಿಂದ ಭಾಗಿಸಿ, ತೂಗಿ ಹಾಕಿದ್ದೇನೆ.”

“ಎಷ್ಟು ಹೊತ್ತು ಕುದಿಸಿದಿ?”

“ಒಂದೂವರೆ ಗಂಟೆ. ಅವಸರ ಮಾಡಬಾರದು ಅಂದ್ರು.”

“ಅಯ್ಯೋ ಮಾರಾಯ್ತಿ! ಒಂದೂವರೆ ಗಂಟೆ ಅವನ ಕೊಪ್ಪರಿಗೆಗೆ! ಅದರಲ್ಲಿ ನೀನೇ ಕೂತು ಸ್ನಾನ ಮಾಡಬಹುದು. ಈ ಚೊಂಬಿನಷ್ಟು ಸಾರಿಗೆ ಒಂದೂವರೆ ಗಂಟೆಯಾ? ಎಲ್ಲ ಭಾಗಿಸಿದವಳು ಗಂಟೆಯನ್ನು ಯಾಕೆ ಬಿಟ್ಟಿ?”

“ಹೈಸ್ಕೂಲಿನ ಮಕ್ಕಳಿಗೆ ಇವಳೇ ಲೆಕ್ಕ ಹೇಳಿಕೊಡುವುದಂತೆ,” ಎಂದಳು ಕುಸುಮಾ, ಕಣ್ಣೊರೆಸಿಕೊಳ್ಳುತ್ತ. “ಈ ಸಲ ರಿಸಲ್ಟ್ ನೋಡಬೇಕು.”

ಸುರಕ್ಷಾಳೂ ನಕ್ಕಳು. ನಗುವಾಗ ಕಣ್ಣಲ್ಲಿ ನೀರು ಬಂತು.

“ಇರು, ನಾನು ಸರಿ ಮಾಡ್ತೇನೆ,” ಎಂದು ನೀಲಾವತಿ ಏಳಲು ಹೊರಟರು. ಸೈನಬಕ್ಕ ಅವರ ಎಡ ತೋಳು ಹಿಡಿದರು.

“ಊಟದ ಕೈಯಲ್ಲಿ ಒಲೆಯ ಹತ್ರ ಹೋಗ್ತೀರಾ? ನಮ್ಮಲ್ಲಿ ಇಲ್ಲ, ನಿಮ್ಮಲ್ಲಿ ಉಂಟಾ?”

ನೀಲಾವತಿ ತಮ್ಮ ಬಲಗೈ ನೋಡಿಕೊಂಡರು. ಅನ್ನ, ಸಾರು ಮೆತ್ತಿದ ಎಂಜಲು ಕೈ. ಆ ಕೈಯಲ್ಲಿ ಅಡುಗೆಯ ಪಾತ್ರೆ ಮುಟ್ಟುವುದು ಅವರ ಮನೆಯಲ್ಲೂ ಇಲ್ಲ, ಮದುವೆ ಹಾಲಿನಲ್ಲೂ ಇಲ್ಲ. ಎದ್ದು ಕೈತೊಳೆದರೆ ಬಡಿಸಿದ ಎಲೆಯನ್ನು ಅರ್ಧಕ್ಕೆ ಬಿಟ್ಟ ಹಾಗೆ. ಅವರು ಮತ್ತೆ ಕುಳಿತರು. ಕುಳಿತಲ್ಲಿಂದಲೇ ಕೆಲಸ ಹಂಚಿದರು.

“ಸುರಕ್ಷಾ, ಅನ್ನ ಬಸಿದ ತೆಳಿ ಉಂಟಾ?”

“ಉಂಟು.”

“ಮೂರು ಸೌಟು ಹಾಕು. ಬಿಸಿನೀರು ಎರಡು ಲೋಟ. ಅಡಿಕೆಯಷ್ಟು ಬೆಲ್ಲ. ಅಷ್ಟೇ, ಉಪ್ಪಿನ ಡಬ್ಬಿ ಮುಟ್ಟಬೇಡ. ಒಂದು ಕುದಿ ಬರಲಿ. ಒಂದು ಕುದಿ, ಒಂದು ಗಂಟೆ ಅಲ್ಲ!”

ಒಳಗಿನಿಂದ ಒಗ್ಗರಣೆಯ ಚಟಪಟ ಕೇಳಿತು. ಬೆಳ್ಳುಳ್ಳಿ, ಇಂಗು, ಕರಿಬೇವಿನ ಪರಿಮಳ ಚಾಪೆಯವರೆಗೂ ಬಂತು. ಸುರಕ್ಷಾ ಕುದಿಯುವ ಸಾರನ್ನು ತಂದು, ಮೊದಲು ನೀಲಾವತಿಯ ಎಲೆಗೆ, ಅನ್ನದ ನಡುವೆ ಮಾಡಿದ ಗುಳಿಗೆ, ಒಂದು ಹನಿ ಹೊರಗೆ ಚೆಲ್ಲದಂತೆ ಸುರಿದಳು. ಸೌಟು ಎತ್ತುವಾಗ ನೀಲಕ್ಕ ಕಲಿಸಿದಂತೆ ಮಣಿಕಟ್ಟು ತಿರುಗಿಸುವುದನ್ನು ಮರೆಯಲಿಲ್ಲ.

ನೀಲಾವತಿ ಕೈಯಿಟ್ಟವರು ಚಕ್ಕನೆ ಹಿಂದೆಗೆದರು.

“ಅಬ್ಬಾ! ಇಷ್ಟು ಬಿಸಿಯಾ ಇದು?”

“ಹಾಲಿನಲ್ಲಿ ನಾವು ಹೀಗೆ ಬಡಿಸುವುದಲ್ವಾ?” ಎಂದಳು ಗುಲಾಬಿ.

“ಬಡಿಸುವುದು ಗೊತ್ತು. ಉಣ್ಣುವಾಗ ಹೀಗೆ ಅಂತ ಗೊತ್ತಿರ್ಲಿಲ್ಲ,” ಎಂದರು ನೀಲಾವತಿ. ಬೆರಳ ತುದಿಯಿಂದ ಸ್ವಲ್ಪ ಸ್ವಲ್ಪವೇ ಕಲಸಿ ಉಂಡರು. ಎರಡನೆಯ ಸಲ ಅಂಗೈ ಒಡ್ಡಿ ಸಾರು ಹಾಕಿಸಿಕೊಂಡು ಕುಡಿದರು. ಸುರಕ್ಷಾ ಬೇಕಾ ಎಂದು ಕೇಳಲಿಲ್ಲ. ಎಲೆ ನೋಡಿ ಮತ್ತೆ ಅನ್ನ ಹಾಕಿದಳು, ಅವರು ತಡೆಯಲಿಲ್ಲ.

ಪಾಯಸದ ಹೊತ್ತಿಗೆ ಸುರಕ್ಷಾಳೂ ಐದನೆಯ ಎಲೆಗೆ ಬಂದು ಕುಳಿತಿದ್ದಳು. ಪಾತ್ರೆಗಳೆಲ್ಲ ಎಲೆಗಳ ನಡುವೆಯೇ ಇದ್ದವು. ಯಾರಿಗೆ ಬೇಕೋ ಅವರು ಎಡಗೈಯಲ್ಲಿ ಸೌಟು ಹಿಡಿದು ಹಾಕಿಕೊಳ್ಳುತ್ತಿದ್ದರು. ಸೈನಬಕ್ಕ ತಮ್ಮ ಮದುವೆಯ ದಿನ ನಾಚಿಕೆಯಿಂದ ಉಣ್ಣದೆ, ಸಂಜೆ ಅತ್ತೆಯ ಅಡುಗೆಮನೆಗೆ ನುಗ್ಗಿ ಸಿಕ್ಕಿಬಿದ್ದ ಕಥೆ ಹೇಳಿದರು. ಆ ನಗು ಇಳಿದ ಮೇಲೆ ನೀಲಾವತಿ ತಾವಾಗಿಯೇ ಬೆಳ್ತಂಗಡಿಯ ಮದುವೆಯ ಮಾತು ತೆಗೆದರು. ಕುಸುಮಾ ಹೇಳಿದ ಕಥೆಯೇ. ಆದರೆ ಕುಸುಮಾಳಿಗೆ ಗೊತ್ತಿಲ್ಲದ ಒಂದು ಮಾತು ಅದರಲ್ಲಿತ್ತು.

“ಏಳು ಅಂದವನ ಮೇಲೆ ನನಗೆ ಸಿಟ್ಟು ಬಂದದ್ದು ಹೌದು,” ಎಂದರು ಅವರು. “ಆದ್ರೆ ಅದಕ್ಕಿಂತ ಜಾಸ್ತಿ ನನ್ನ ಮೇಲೆ ಬಂತು. ನಾನು ಯಾಕೆ ಎದ್ದೆ? ತುತ್ತು ಕೈಯಲ್ಲಿತ್ತು. ಉಂಡು ಏಳ್ತೇನೆ, ಸ್ವಲ್ಪ ನಿಲ್ಲಿ ಅಂತ ಹೇಳಬಹುದಿತ್ತು. ಹೇಳ್ಲಿಕ್ಕೆ ಬಾಯಿ ಬರ್ಲಿಲ್ಲ. ಹಾಗೆ ಏಳುವುದಕ್ಕಿಂತ ಕೂರದೇ ಇರುವುದು ಒಳ್ಳೆದು ಅಂತ ಮಾಡಿದೆ.”

“ಇವತ್ತು ಬಸ್ಸಿಗೆ ಹೊತ್ತಾದ್ರೂ ನಾವು ಏಳಿಸುವುದಿಲ್ಲ,” ಎಂದರು ಸೈನಬಕ್ಕ. “ಬಸ್ಸು ಹೋದ್ರೆ ಹೋಗ್ಲಿ. ನಮ್ಮವರು ಅಂಗಡಿ ಮುಚ್ಚಿ ಬಂದವರು ಕಾರಲ್ಲಿ ಬಿಡ್ತಾರೆ.”

“ಬೇಡ, ನಮ್ಮವರ ಆಟೋ ಉಂಟಲ್ಲ, ಫೋನ್ ಮಾಡಿದ್ರೆ ಬರ್ತಾರೆ,” ಎಂದು ನೀಲಾವತಿ ಮತ್ತೊಂದು ಸೌಟು ಪಾಯಸ ಹಾಕಿಕೊಂಡರು. ಆಮೇಲೆ ಗುಲಾಬಿಯ ಕಡೆ ತಿರುಗಿದರು. “ಗುಲಾಬಿ, ನೀನು ಈ ಕೆಲಸಕ್ಕೆ ಸೇರಿ ಎಷ್ಟು ವರ್ಷ ಆಯ್ತು?”

“ಹದಿನೆಂಟು.”

“ಶಂಭುವಿನ ಸಾರು ಬಿಸಿಯಲ್ಲಿ ಉಂಡಿದ್ದೀಯಾ?”

“ಇವತ್ತು ಇಲ್ಲಿ ಉಂಡದ್ದೇ. ಅದೂ ಅವನದ್ದಲ್ಲ, ಟೀಚರಮ್ಮನದ್ದು, ನಿಮ್ಮದು, ತೆಳಿಯದ್ದು.”

ನೀಲಾವತಿ ನಗಲಿಲ್ಲ. ಖಾಲಿಯಾದ ತಮ್ಮ ಎಲೆಯನ್ನು ಮಡಚಿ, “ಬಂಟ್ವಾಳದ ಮದುವೆ ಬುಧವಾರ ಅಲ್ವಾ?” ಎಂದಷ್ಟೇ ಕೇಳಿದರು.

ಬುಧವಾರ ಸುರಕ್ಷಾಳಿಗೆ ಶಾಲೆಯಿತ್ತು. ಅಲ್ಲಿ ಆದದ್ದನ್ನು ಕುಸುಮಾ ಸಂಜೆ ಫೋನಿನಲ್ಲಿ ಉಸಿರು ಬಿಡದೆ ಹೇಳಿದಳು. ಬೆಳಿಗ್ಗೆ ಹನ್ನೊಂದಕ್ಕೆ ನೀಲಾವತಿ ಅಡುಗೆ ಗುತ್ತಿಗೆದಾರ ಲತೇಶನ ಹತ್ತಿರ ಹೋಗಿ, ಊಟದ ಹಾಲಿನ ಹಿಂದಿನ ಕೋಣೆಯಲ್ಲಿ ಹನ್ನೆರಡು ಎಲೆ ಹಾಕಿಸಲು ಹೇಳಿದರಂತೆ.

“ಯಾರಿಗೆ ನೀಲಕ್ಕ? ನೆಂಟರು ಇನ್ನೂ ಬರಲಿಲ್ಲ,” ಎಂದನಂತೆ ಲತೇಶ.

“ಬಡಿಸುವವರಿಗೆ.”

“ಮೊದಲ ಪಂಕ್ತಿಗಿಂತ ಮೊದಲೇ? ಮದುವೆ ಮನೆಯವರು ಏನು ಹೇಳ್ತಾರೆ?”

“ಅವರನ್ನು ನಾನು ಕೇಳಿ ಆಯ್ತು. ಮದುಮಗಳ ಅಮ್ಮ, ಖಂಡಿತ ಉಣ್ಣಿ ಅಂದ್ರು. ಮೂರೂವರೆಯವರೆಗೆ ಖಾಲಿ ಹೊಟ್ಟೆಯಲ್ಲಿ ಹುಡುಗಿಯರು ಕುದಿಯುವ ಸಾರು ಹೊರುವುದು ಬೇಡ. ಕೈ ತಪ್ಪಿ ಯಾರ ಮೈಮೇಲಾದ್ರೂ ಬಿದ್ರೆ ನೀನು ಉತ್ತರ ಕೊಡ್ತೀಯಾ?”

“ಮತ್ತೆ ಮೊದಲ ಪಂಕ್ತಿಗೆ ಹೊತ್ತಾದ್ರೆ?”

“ನನ್ನ ಪಂಕ್ತಿ ಇಷ್ಟು ವರ್ಷದಲ್ಲಿ ಯಾವತ್ತು ಹೊತ್ತಾಗಿದೆ, ಹೇಳು.”

ಲತೇಶ ಎಲೆ ಹಾಕಿಸಿದ. ಇಪ್ಪತ್ತು ನಿಮಿಷದಲ್ಲಿ ಊಟ ಮುಗಿಯಿತು. ಹನ್ನೆರಡೂಕಾಲಿಗೆ ಮೊದಲ ಪಂಕ್ತಿ ಹೇಳಿದ ಹೊತ್ತಿಗೇ ಕುಳಿತಿತು. ಆ ದಿನ ಎಲ್ಲಿಯೂ ಸೌಟು ತಪ್ಪಲಿಲ್ಲ. ಶಂಭಣ್ಣ ಹೊರಗೆ ಬಂದು, ತಾನು ಮಾಡಿದ ಸಾರಿನ ಬಗ್ಗೆ ಬಡಿಸುವವರು ಬಾಯಿಬಿಟ್ಟು ಹೇಳಿದ್ದು ಇದೇ ಮೊದಲು ಎಂದು, ಹೊಗಳಿಕೆಯನ್ನು ಎರಡೆರಡು ಸಲ ಕೇಳಿಕೊಂಡು ಹೋದರಂತೆ.

ಎಲ್ಲ ಕಡೆ ಅಷ್ಟು ಸುಲಭವಾಗಲಿಲ್ಲ. ಒಂದಿಬ್ಬರು ಗುತ್ತಿಗೆದಾರರು, ಅಭ್ಯಾಸ ಕೆಡಿಸಬೇಡಿ ಎಂದರು. ಅವರ ಕೆಲಸವನ್ನು ನೀಲಾವತಿ ಬಿಟ್ಟರು. ಒಂದು ವರ್ಷದೊಳಗೆ ಅವರಲ್ಲಿ ಒಬ್ಬರು ತಾವೇ ಫೋನ್ ಮಾಡಿದರು. ದೇವಸ್ಥಾನದ ಊಟಗಳಲ್ಲಿ ದೇವರ ಪೂಜೆ ಮುಗಿಯದೆ ಯಾರೂ ಉಣ್ಣುವಂತಿಲ್ಲ. ಅಲ್ಲಿ ನೀಲಾವತಿ ಮೊದಲೇ ಉಣ್ಣುವ ನಿಯಮವನ್ನು ಹೇರುವುದಿಲ್ಲ. ಪೂಜೆಯಾದ ಕೂಡಲೇ ತಂಡದ ಅರ್ಧ ಮಂದಿಯನ್ನು ಕೂರಿಸಿ, ಉಳಿದ ಅರ್ಧದಿಂದ ಮೊದಲ ಪಂಕ್ತಿ ನಡೆಸುತ್ತಾರೆ.

ನೀಲಾವತಿಯವರಿಗೆ ಈಗ ನಲವತ್ತೇಳು. ಅವರ ತಂಡದಲ್ಲಿ ಹದಿನೆಂಟು ಹೆಂಗಸರಿದ್ದಾರೆ, ಅವರಲ್ಲಿ ಆರು ಮಂದಿ ಕಾಲೇಜಿಗೆ ಹೋಗುತ್ತಾರೆ. ಮದುವೆಯ ದಿನ ಬೆಳಿಗ್ಗೆ ಹನ್ನೊಂದು ಗಂಟೆಗೆ ಅವರು ಹಾಲಿನ ಹಿಂದಿನ ಕೋಣೆಯಲ್ಲಿ ತಂಡದವರೊಂದಿಗೆ ಕುಳಿತು ಬಿಸಿ ಊಟ ಮಾಡುತ್ತಾರೆ. ಆಮೇಲೆ ಸೆರಗು ಸಿಕ್ಕಿಸಿಕೊಂಡು ಮೊದಲ ಪಂಕ್ತಿಗೆ ಸಾರು ಬಡಿಸುತ್ತಾರೆ.